ಸಹಾಯ ಬೇಕು: ಎದೆ ಎಕ್ಸ್‌ರೇ ಎರಡನೇ ಸಲ ನೋಡಿಕೊಡಲು ರೇಡಿಯಾಲಜಿಸ್ಟ್, ಮಂಡ್ಯ

ಮದ್ದೂರು, ಮಳವಳ್ಳಿ ಕಡೆಯ ಬೀಡಿ ಸೇದುವವರ ಎದೆ ಎಕ್ಸ್‌ರೇಗಳನ್ನು, ಶ್ವಾಸಕೋಶದಲ್ಲಿ ಗಡ್ಡೆ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಡುವ ರೇಡಿಯಾಲಜಿಸ್ಟ್ ಬೇಕು. ಎಲ್ಲವೂ ಪಿಎ ವ್ಯೂ (ಕಿರಣ ಬೆನ್ನಿನಿಂದ ಎದೆಯ ಕಡೆಗೆ), ಟ್ಯೂಬ್‌ನಿಂದ ಫಿಲಂಗೆ 180 ಸೆಂ.ಮೀ. ದೂರ, ಪೂರ್ತಿ ಉಸಿರು ಎಳೆದು ಹಿಡಿದಾಗ ತೆಗೆದವು. ಹಿಂಬದಿಯ 9–10 ಪಕ್ಕೆಲುಬು ಕಾಣದಿದ್ದರೆ ಉಸಿರು ಸಾಲಲಿಲ್ಲವೆಂದು ಮತ್ತೆ ತೆಗೆಯುತ್ತೇವೆ.

ಗಡ್ಡೆ ಕಣ್ತಪ್ಪುವುದು ಹೆಚ್ಚಾಗಿ ಕಾಲರ್ ಬೋನ್ ಹಿಂದೆ, ಹೈಲಮ್ (ಶ್ವಾಸಕೋಶಕ್ಕೆ ಶ್ವಾಸನಾಳ, ರಕ್ತನಾಳ ಸೇರುವ ಜಾಗ) ಬಳಿ, ಹೃದಯದ ನೆರಳಲ್ಲಿ, ವಪೆಯ ಹಿಂದೆ. ದಯವಿಟ್ಟು ಅಲ್ಲಿ ಸ್ವಲ್ಪ ನಿಧಾನಿಸಿ. ಮೊಲೆತೊಟ್ಟಿನ ನೆರಳೂ ಗಡ್ಡೆಯಂತೆ ಮೋಸ ಮಾಡುತ್ತದೆ. ಅನುಮಾನವಿದ್ದರೆ ಹೇಳಿ, ಮೊಲೆತೊಟ್ಟಿಗೆ ಮಾರ್ಕರ್ (ಎಕ್ಸ್‌ರೇಯಲ್ಲಿ ಕಾಣುವ ಗುರುತು) ಅಂಟಿಸಿ ಇನ್ನೊಂದು ತೆಗೆಯುತ್ತೇವೆ. 1 ಸೆಂ.ಮೀ.ಗಿಂತ ಚಿಕ್ಕದು ಎಷ್ಟೋ ಸಲ ಕಾಣುವುದೇ ಇಲ್ಲ. ಫಿಲಂ ನಾರ್ಮಲ್ ಇದ್ದರೂ ಕಫದಲ್ಲಿ ರಕ್ತ ಬರುವವರನ್ನು ಸಿಟಿ ಸ್ಕ್ಯಾನ್‌ಗೆ ಕಳಿಸಲೇಬೇಕು.

ಟಿಬಿ ಮಾತ್ರೆ ಮುಗಿಸಿದರೂ ಫಿಲಂನಲ್ಲಿ ಕಲೆ ಕರಗದವರದ್ದು ಮೊದಲು ನೋಡಿ. ಹಳೆಯ ಫಿಲಂ ಸಿಕ್ಕರೆ ಜೊತೆಗಿಡುತ್ತೇವೆ. ವಾಟ್ಸಾಪ್ ಫೋಟೊ ಅಲ್ಲ, ಡೈಕಾಮ್ ಫೈಲೇ (ಯಂತ್ರದಿಂದ ಬರುವ ಮೂಲ ಡಿಜಿಟಲ್ ಚಿತ್ರ) ಕೊಡುತ್ತೇವೆ.