ಊಟವನ್ನು ನುಣ್ಣಗೆ ಅರೆಯಲು ಯಾವ ಯಂತ್ರ ಕೊಳ್ಳಬೇಕು? ನುಂಗುವಿಕೆಯ ಚಿಕಿತ್ಸಕಿಯೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕಿ: ಅಗಿಯಲಾಗದ ಹಿರಿಯರಿಗೆ, ನುಂಗಲು ಕಷ್ಟಪಡುವ ರೋಗಿಗಳಿಗೆ ಮತ್ತು ಆಗಷ್ಟೇ ಘನ ಆಹಾರ ಆರಂಭಿಸಿದ ಮಕ್ಕಳಿಗೆ ಮನೆಯಲ್ಲೇ ಆಹಾರವನ್ನು ನುಣ್ಣಗೆ ಅರೆಯಲು ಯಾವ ಯಂತ್ರ ಒಳ್ಳೆಯದು ಎಂಬ ಪ್ರಶ್ನೆ ನಮ್ಮ ಆರೈಕೆದಾರರ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ನುಂಗುವಿಕೆಯ ತೊಂದರೆಗಳಿಗೆ ಚಿಕಿತ್ಸೆ ನೀಡುವ ವಾಕ್ ಚಿಕಿತ್ಸಕಿಯೊಬ್ಬರು ಇಂದು ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಯಾರಿಗಾಗಿ ಕೇಳುತ್ತಿದ್ದೀರಿ ಎಂಬುದನ್ನು ಪ್ರಶ್ನೆಯ ಜೊತೆಗೇ ತಿಳಿಸಿ.

ಸದಸ್ಯ 1: ಮೇಡಂ, ಫುಡ್ ಪ್ರೊಸೆಸರ್, ಬ್ಲೆಂಡರ್, ಹ್ಯಾಂಡ್ ಬ್ಲೆಂಡರ್ ಇವುಗಳ ನಡುವಿನ ವ್ಯತ್ಯಾಸವೇನು? ಹಲ್ಲು ಕೀಳಿಸಿಕೊಂಡಿರುವ ನನ್ನ ತಾಯಿಗೆ ಕೆಲವು ವಾರ ಮೆತ್ತಗಿನ ಆಹಾರ ಬೇಕಾಗಿದೆ.

ಚಿಕಿತ್ಸಕಿ: ಫುಡ್ ಪ್ರೊಸೆಸರ್‌ನ ಬಟ್ಟಲು ಅಗಲವಾಗಿದ್ದು ಬ್ಲೇಡ್ ನಿಧಾನವಾಗಿ ತಿರುಗುವುದರಿಂದ ಅದು ಹೆಚ್ಚುವುದಕ್ಕೆ, ತುರಿಯುವುದಕ್ಕೆ, ತರಿತರಿಯಾಗಿ ಪುಡಿ ಮಾಡುವುದಕ್ಕೆ ಹೇಳಿ ಮಾಡಿಸಿದ ಯಂತ್ರ. ಬ್ಲೆಂಡರ್‌ನ ಜಾರ್ ಕೆಳಗೆ ಕಿರಿದಾಗಿದ್ದು ಬ್ಲೇಡ್ ಬಹಳ ವೇಗವಾಗಿ ತಿರುಗುತ್ತದೆ. ಆಹಾರವು ಸುಳಿಯಾಗಿ ಸುತ್ತಿ ಮತ್ತೆ ಮತ್ತೆ ಬ್ಲೇಡಿಗೆ ಸಿಗುವುದರಿಂದ ಹೆಚ್ಚು ನುಣ್ಣಗಾಗುತ್ತದೆ, ಆದರೆ ಆ ಸುಳಿ ಏಳಲು ಸ್ವಲ್ಪ ದ್ರವ ಬೇಕೇ ಬೇಕು. ಹ್ಯಾಂಡ್ ಬ್ಲೆಂಡರ್ ಒಬ್ಬರ ಊಟದಷ್ಟು ಸಣ್ಣ ಪ್ರಮಾಣಕ್ಕೆ ಅನುಕೂಲ. ನಿಮ್ಮ ತಾಯಿಗೆ ನುಂಗಲು ತೊಂದರೆಯಿಲ್ಲದೆ ಅಗಿಯಲು ಮಾತ್ರ ಆಗದಿದ್ದರೆ, ಮನೆಯಲ್ಲಿ ಈಗಾಗಲೇ ಇರುವ ಮಿಕ್ಸಿಯ ಸಣ್ಣ ಜಾರ್ ಸಾಕು. ಕೆಲವು ವಾರಗಳಿಗಾಗಿ ಹೊಸ ಯಂತ್ರ ಕೊಳ್ಳಬೇಡಿ.

ಸದಸ್ಯ 2: ಎಷ್ಟು ವ್ಯಾಟ್‌ನದು ಕೊಳ್ಳಬೇಕು?

ಚಿಕಿತ್ಸಕಿ: ಪೆಟ್ಟಿಗೆಯ ಮೇಲಿನ ವ್ಯಾಟ್ ಮೋಟಾರು ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕ. ಬ್ಲೇಡಿನ ತುದಿಯಲ್ಲಿ ಆಹಾರ ಎಷ್ಟು ನುಣ್ಣಗಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಜಾರ್‌ನ ಆಕಾರವನ್ನೂ, ಅದರಲ್ಲಿ ಕನಿಷ್ಠ ಎಷ್ಟು ಆಹಾರ ಹಾಕಬೇಕು ಎಂಬುದನ್ನೂ ಮೊದಲು ನೋಡಿ.

ಸದಸ್ಯೆ 3: ಮೇಡಂ, ನನ್ನ ತಂದೆಗೆ ಪಾರ್ಶ್ವವಾಯು ಆಗಿ ಎರಡು ತಿಂಗಳಾಗಿದೆ. ಪೂರ್ತಿ ನುಣ್ಣಗೆ ಅರೆದ ಆಹಾರವನ್ನೇ ಕೊಡಬೇಕು ಎಂದು ಬಿಡುಗಡೆಯ ಸಮಯದಲ್ಲಿ ಬರೆದುಕೊಟ್ಟಿದ್ದಾರೆ. ಮೂರು ಲೀಟರ್ ಬಟ್ಟಲಿನ ಫುಡ್ ಪ್ರೊಸೆಸರ್ ಒಂದನ್ನು ಕೊಂಡಿದ್ದೇವೆ. ಬೇಯಿಸಿದ ಕ್ಯಾರೆಟ್, ಬಟಾಣಿ ಮತ್ತು ಮಾಂಸವನ್ನು ಒಟ್ಟಿಗೆ ಹಾಕಿ ಅರೆಯುತ್ತೇನೆ. ಗಟ್ಟಿ ಎನಿಸಿದರೆ ನೀರು ಸೇರಿಸುತ್ತೇನೆ. ಕಳೆದ ವಾರದಿಂದ ಊಟದ ನಂತರ ಅವರ ಧ್ವನಿ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ಎನ್ನುತ್ತದೆ, ನಡುನಡುವೆ ಕೆಮ್ಮುತ್ತಾರೆ, ಎರಡು ಸಂಜೆ ಸಣ್ಣ ಜ್ವರವೂ ಬಂದಿತ್ತು. ಇನ್ನೂ ಶಕ್ತಿಶಾಲಿಯಾದ ಯಂತ್ರ ಕೊಂಡರೆ ಸರಿಹೋಗುತ್ತದೆಯೇ?

ಚಿಕಿತ್ಸಕಿ: ನಿಮ್ಮ ಪ್ರಶ್ನೆಯನ್ನು ಓದಿ ನನಗೆ ಆತಂಕವಾಗಿದೆ. ಯಂತ್ರದ ಮಾತಿಗೆ ಆಮೇಲೆ ಬರುತ್ತೇನೆ. ಊಟದ ನಂತರ ಧ್ವನಿ ಗೊರಗೊರ ಎನ್ನುವುದು, ಕೆಮ್ಮು, ಜ್ವರ ಈ ಮೂರೂ ಒಟ್ಟಿಗೆ ಬಂದಿವೆ ಎಂದರೆ ಆಹಾರ ಶ್ವಾಸನಾಳದತ್ತ ಜಾರುತ್ತಿರುವ ಸಾಧ್ಯತೆಯಿದೆ, ಮತ್ತು ಅದರಿಂದ ನ್ಯುಮೋನಿಯಾ ಆಗಬಹುದು. ನಿಮ್ಮ ವೈದ್ಯರಿಗೆ ಇವತ್ತೇ ಕರೆ ಮಾಡಿ, ಜ್ವರದ ಸಂಗತಿಯನ್ನು ಮೊದಲು ಹೇಳಿ, ನುಂಗುವಿಕೆಯ ಮರುಪರೀಕ್ಷೆ ಬೇಕೆಂದು ಕೇಳಿ. ಉಸಿರಾಟ ವೇಗವಾದರೆ ಅಥವಾ ತಂದೆಯವರು ಮಂಕಾದರೆ ಕರೆಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಮ್ಮು ನಿಂತಿತೆಂದು ಸಮಾಧಾನಪಡಬೇಡಿ. ಪಾರ್ಶ್ವವಾಯುವಾದ ಕೆಲವರಲ್ಲಿ ಗಂಟಲಿನ ಸಂವೇದನೆ ಕುಂದಿರುತ್ತದೆ, ಆಹಾರ ನೆತ್ತಿಗೆ ಹತ್ತಿದರೂ ಅವರಿಗೆ ಕೆಮ್ಮೇ ಬರುವುದಿಲ್ಲ.

ಇನ್ನು ಯಂತ್ರ. ಮೂರು ಲೀಟರ್ ಬಟ್ಟಲಿಗೆ ಒಬ್ಬರ ಊಟವನ್ನು ಹಾಕಿದಾಗ ಏನಾಗುತ್ತದೆ ಎಂಬುದನ್ನು ಮುಚ್ಚಳ ತೆಗೆದು ನೋಡಿ. ಮೊದಲ ಎರಡು ಸುತ್ತಿನಲ್ಲೇ ಅರ್ಧ ಆಹಾರ ಬಟ್ಟಲಿನ ಗೋಡೆಗೆ ಹಾರಿ ಅಂಟಿಕೊಂಡಿರುತ್ತದೆ. ಕೆಳಗೆ ಉಳಿದದ್ದು ನುಣ್ಣಗಾಗುತ್ತದೆ, ಗೋಡೆಯಲ್ಲಿರುವುದು ತರಿಯಾಗಿಯೇ ಉಳಿಯುತ್ತದೆ. ಕೊನೆಗೆ ನೀವು ಎಲ್ಲವನ್ನೂ ಬಳಿದು ಒಂದೇ ತಟ್ಟೆಗೆ ಹಾಕುತ್ತೀರಿ. ಕಣ್ಣಿಗೆ ಅದು ಒಂದೇ ಹದವಾಗಿ ಕಾಣುತ್ತದೆ, ಆದರೆ ಒಳಗೆ ಬಟಾಣಿಯ ಸಿಪ್ಪೆ, ಮಾಂಸದ ನಾರು ಹಾಗೇ ಇರುತ್ತವೆ. ಇನ್ನೊಂದು ದೊಡ್ಡ ಯಂತ್ರ ಕೊಂಡರೂ ಇದೇ ಆಗುತ್ತದೆ. ಸಣ್ಣ ಜಾರ್ ಇರುವ ಬ್ಲೆಂಡರ್ ಆಗಲಿ, ಸಣ್ಣ ಬಟ್ಟಲು ಜೊತೆಗೆ ಬರುವ ಹ್ಯಾಂಡ್ ಬ್ಲೆಂಡರ್ ಆಗಲಿ ನಿಮಗೆ ಬೇಕಾದದ್ದು. ಜೊತೆಗೆ ಸಣ್ಣ ಕಣ್ಣಿನ ಸ್ಟೀಲ್ ಜರಡಿಯೊಂದು ಕಡ್ಡಾಯ. ಬಟಾಣಿ, ಮೆಕ್ಕೆಜೋಳ, ಕಾಳುಗಳ ಸಿಪ್ಪೆಯನ್ನು ಎಷ್ಟೇ ವೇಗದ ಬ್ಲೇಡ್ ಆದರೂ ಪೂರ್ತಿ ಕರಗಿಸುತ್ತದೆ ಎಂದು ನಂಬಿ ಕೂರಬಾರದು. ಅರೆದ ಮೇಲೆ ಜರಡಿಗೆ ಹಾಕಿ ಚಮಚದ ಹಿಂಬದಿಯಿಂದ ಒತ್ತಿ ತೆಗೆದರೆ ಜರಡಿಯಲ್ಲಿ ಉಳಿಯುವ ಸಿಪ್ಪೆಯನ್ನು ನೀವೇ ನೋಡುತ್ತೀರಿ.

ಮಾಂಸವನ್ನು ತರಕಾರಿಯ ಜೊತೆ ಅರೆಯಬೇಡಿ. ಅದನ್ನು ಮೆತ್ತಗೆ ಬೇಯಿಸಿ, ನಾರಿಗೆ ಅಡ್ಡಲಾಗಿ ಸಣ್ಣದಾಗಿ ಹೆಚ್ಚಿ, ಬೇಯಿಸಿದ ರಸವನ್ನು ಚಮಚ ಚಮಚವಾಗಿ ಸೇರಿಸುತ್ತಾ ಬೇರೆಯಾಗಿ ಅರೆಯಿರಿ. ಗಟ್ಟಿಯಾಯಿತೆಂದು ನೀರು ಸುರಿಯುವುದನ್ನು ನಿಲ್ಲಿಸಿ. ಸುರಿದ ನೀರು ಸ್ವಲ್ಪ ಹೊತ್ತಿನಲ್ಲೇ ಅಂಚಿನಲ್ಲಿ ಬೇರೆಯಾಗಿ ನಿಲ್ಲುತ್ತದೆ. ಒಂದೇ ಚಮಚದಲ್ಲಿ ಗಟ್ಟಿಯೂ ತಿಳಿನೀರೂ ಹೋದರೆ, ಗಟ್ಟಿಯನ್ನು ನುಂಗಲು ಬಾಯಿ ಸಿದ್ಧವಾಗುವ ಮೊದಲೇ ನೀರು ಗಂಟಲಿಗೆ ಇಳಿದಿರುತ್ತದೆ.

ಆಹಾರದ ಹದಕ್ಕೆ ಅಂತರರಾಷ್ಟ್ರೀಯ ಅಳತೆಯೊಂದಿದೆ, ಐಡಿಡಿಎಸ್‌ಐ ಎನ್ನುತ್ತಾರೆ. ಅದರಲ್ಲಿ 0ಯಿಂದ 7ರವರೆಗೆ ಹಂತಗಳಿದ್ದು ನುಣ್ಣಗೆ ಅರೆದ ಆಹಾರ 4ನೇ ಹಂತ. ನಿಮ್ಮ ತಂದೆಯವರ ಚೀಟಿಯಲ್ಲಿ ಯಾವ ಸಂಖ್ಯೆ ಇದೆ ಎಂಬುದನ್ನು ನೋಡಿ. ಅದು 4 ಆಗಿದ್ದರೆ, ಪ್ರತಿ ಊಟವನ್ನೂ ಬಡಿಸುವ ಬಿಸಿಯಲ್ಲೇ ಹೀಗೆ ಪರೀಕ್ಷಿಸಿ: ಫೋರ್ಕ್‌ನಿಂದ ಎತ್ತಿದರೆ ಆಹಾರ ಗುಡ್ಡೆಯಾಗಿ ಅದರ ಮೇಲೆ ನಿಲ್ಲಬೇಕು, ಫೋರ್ಕ್‌ನ ಹಲ್ಲುಗಳ ಸಂದಿಯಲ್ಲಿ ಚಿಕ್ಕ ಬಾಲದಂತೆ ಇಳಿದು ನಿಂತರೆ ಅಡ್ಡಿಯಿಲ್ಲ, ನಿಲ್ಲದೆ ತೊಟ್ಟಿಕ್ಕಬಾರದು. ಚಮಚ ತುಂಬಿ ಓರೆ ಮಾಡಿದರೆ ಇಡೀ ಮುದ್ದೆ ಒಮ್ಮೆಗೇ ಜಾರಿ ಬೀಳಬೇಕು. ಚಮಚಕ್ಕೆ ಅಂಟಿಕೊಂಡು ಕೂತರೆ ಅದು ಗಂಟಲಿಗೂ ಅಂಟುತ್ತದೆ. ಕೊನೆಗೆ ಎರಡು ಬೆರಳ ನಡುವೆ ಸ್ವಲ್ಪ ಉಜ್ಜಿ ನೋಡಿ, ಒಂದು ತರಿ ಸಿಕ್ಕರೂ ಮತ್ತೆ ಜರಡಿ ಹಿಡಿಯಿರಿ. ಉಣಿಸುವಾಗ ಅವರು ನೇರವಾಗಿ ಕೂತಿರಲಿ, ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ.

ಸದಸ್ಯ 4: ಎಲ್ಲರಿಗೂ ಉಪಯೋಗವಾಗಲೆಂದು ಹಂಚಿಕೊಳ್ಳುತ್ತಿದ್ದೇನೆ. ನನಗೆ ಬಂದ ಸಂದೇಶದ ಪ್ರಕಾರ, ಪ್ರತಿ ತುತ್ತಿನ ನಂತರ ಒಂದು ಗುಟುಕು ನೀರು ಕುಡಿಸಿದರೆ ಆಹಾರ ತಾನಾಗಿ ಇಳಿಯುತ್ತದೆ, ಮತ್ತು ಶುಂಠಿಯ ರಸವನ್ನು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಸವರಿದರೆ ಏಳು ದಿನಗಳಲ್ಲಿ ಗಂಟಲಿನ ನರಗಳು ಚುರುಕಾಗುತ್ತವೆ.

ಚಿಕಿತ್ಸಕಿ: ದಯವಿಟ್ಟು ಇದನ್ನು ಅಳಿಸಿ. ನುಂಗುವಿಕೆ ದುರ್ಬಲವಾಗಿರುವವರಲ್ಲಿ ಶ್ವಾಸನಾಳಕ್ಕೆ ಅತಿ ಸುಲಭವಾಗಿ ಜಾರುವುದು ತಿಳಿನೀರೇ. ನೀರು ಕೊಡಬಹುದೇ, ಎಷ್ಟು ಗಟ್ಟಿ ಮಾಡಿ ಕೊಡಬೇಕು ಎಂಬುದನ್ನು ಪರೀಕ್ಷಿಸಿದವರು ನಿರ್ಧರಿಸಬೇಕು. ಪಾರ್ಶ್ವವಾಯುವಿನಲ್ಲಿ ಹಾನಿಯಾಗಿರುವುದು ಮೆದುಳಿಗೆ. ನಾಲಿಗೆಗೆ ಸವರಿದ ರಸ ಅದನ್ನು ಸರಿಪಡಿಸುವುದಿಲ್ಲ. ಒಂದು ವರ್ಷದೊಳಗಿನ ಮಕ್ಕಳ ತಾಯಂದಿರೂ ಈ ಗುಂಪಿನಲ್ಲಿದ್ದಾರೆ; ಅಂಥ ಮಗುವಿಗೆ ಜೇನುತುಪ್ಪ ಸವರಿದರೆ ಬಾಟುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆ ಬರಬಹುದು.

ಸದಸ್ಯ 4: ನಾನು ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದೆ. ಇಷ್ಟು ಕಟುವಾಗಿ ಹೇಳುವ ಅಗತ್ಯವಿರಲಿಲ್ಲ.

ಸದಸ್ಯೆ 5: ನನ್ನ ಮಗುವಿಗೆ ಏಳು ತಿಂಗಳು. ಇದೇ ರೀತಿ ಜರಡಿ ಹಿಡಿದೇ ಕೊಡಬೇಕೇ? ಗಟ್ಟಿ ಮಾಡುವ ಪುಡಿ ಬಳಸಬಹುದೇ?

ಚಿಕಿತ್ಸಕಿ: ಆರೋಗ್ಯವಂತ ಮಗುವಿಗೆ ಆರಂಭದ ಕೆಲವು ವಾರ ಮಾತ್ರ ಪೂರ್ತಿ ನುಣ್ಣಗೆ ಇರಲಿ, ಆಮೇಲೆ ಫೋರ್ಕ್‌ನಲ್ಲಿ ಕಿವುಚಿದ ಮೆತ್ತನೆಯ ತರಿಗೆ ಅಭ್ಯಾಸ ಮಾಡಿಸಿ; ತಿಂಗಳುಗಟ್ಟಲೆ ನುಣುಪನ್ನೇ ಕೊಟ್ಟರೆ ಮಗು ಮುಂದೆ ತರಿಯನ್ನು ಒಪ್ಪದೆ ಹಟ ಮಾಡಬಹುದು. ಪುಡಿಯನ್ನು ವೈದ್ಯರು ಹೇಳದೆ ಬಳಸಬೇಡಿ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಕ್ಸಾಂಥನ್ ಗಮ್ ಇರುವ ಅಂಥದೊಂದು ಉತ್ಪನ್ನವನ್ನು ಕೊಡಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2011ರಲ್ಲಿ ಎಚ್ಚರಿಸಿತ್ತು. ಕರುಳಿನ ಗಂಭೀರ ಕಾಯಿಲೆಯ ಪ್ರಕರಣಗಳು ಅದಕ್ಕೆ ಕಾರಣ.

ಸದಸ್ಯ 6: ವ್ಯಾಟ್ ಮುಖ್ಯವಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ನನ್ನ 1000 ವ್ಯಾಟ್ ಯಂತ್ರ ಯಾವುದನ್ನಾದರೂ ನುಣ್ಣಗೆ ಮಾಡುತ್ತದೆ.

ಸದಸ್ಯ 7: ನಾನು ಹನ್ನೆರಡು ವರ್ಷಗಳಿಂದ ಇಂಥ ಯಂತ್ರಗಳ ದುರಸ್ತಿ ಮಾಡುತ್ತಿದ್ದೇನೆ. ಹೆಚ್ಚು ವ್ಯಾಟ್ ಇದ್ದರೆ ಗಟ್ಟಿ ಪದಾರ್ಥ ಹಾಕಿದಾಗ ಮೋಟಾರು ತಿಣುಕುವುದಿಲ್ಲ ಎಂಬುದು ನಿಜ, ಆದರೆ ಬ್ಲೇಡ್ ಮೊಂಡಾಗಿದ್ದರೆ ಅಥವಾ ಜಾರ್‌ನ ತಳಕ್ಕೂ ಬ್ಲೇಡಿಗೂ ನಡುವೆ ಅಂತರ ಹೆಚ್ಚಾಗಿದ್ದರೆ ಆ ಶಕ್ತಿಯೆಲ್ಲ ಆಹಾರವನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ.

ಸದಸ್ಯ 6: ದುರಸ್ತಿ ಮಾಡುವವರಿಗೆ ಕೆಟ್ಟ ಯಂತ್ರಗಳೇ ಕಾಣುತ್ತವೆ. ಚೆನ್ನಾಗಿ ಓಡುವ ಯಂತ್ರ ನಿಮ್ಮ ಬಳಿ ಬರುವುದೇ ಇಲ್ಲ.

ಸದಸ್ಯ 7: ಓಡುವ ಯಂತ್ರದಲ್ಲೂ ಬಟಾಣಿಯ ಸಿಪ್ಪೆ ಉಳಿಯುತ್ತದೆ. ಅರೆದದ್ದನ್ನು ಒಮ್ಮೆ ಜರಡಿಗೆ ಹಾಕಿ ನೋಡಿದ ಮೇಲೆ ವಾದ ಮುಂದುವರಿಸಿ.

ಸದಸ್ಯೆ 8: ಯಂತ್ರದ ವೇಗಕ್ಕೆ ಪೋಷಕಾಂಶಗಳೆಲ್ಲ ಸತ್ತುಹೋಗುತ್ತವೆ. ಕೈಯಿಂದ ತಿರುಗಿಸುವ ಜರಡಿಯಂತ್ರವೇ ಶ್ರೇಷ್ಠ ಎಂದು ನಾನು ಓದಿದ್ದೇನೆ.

ಸದಸ್ಯ 6: ಎಲ್ಲಿ ಓದಿದ್ದೀರಿ? ಅದೂ ಒಂದು ಫಾರ್ವರ್ಡ್ ತಾನೇ?

ಸದಸ್ಯೆ 8: ನಾನು ನಿಮ್ಮನ್ನು ಕೇಳಿರಲಿಲ್ಲ.

ಚಿಕಿತ್ಸಕಿ: ಕೈಯಂತ್ರ ಒಳ್ಳೆಯದೇ, ಸಿಪ್ಪೆಯನ್ನೂ ಬೀಜವನ್ನೂ ಅದು ಬೇರ್ಪಡಿಸುತ್ತದೆ. ಆದರೆ ಪೋಷಕಾಂಶಗಳೆಲ್ಲ ಸಾಯುತ್ತವೆ ಎಂಬುದು ಸರಿಯಲ್ಲ. ಬೇಯಿಸಿದ ನೀರನ್ನು ಚೆಲ್ಲಿದರೆ ಅದರ ಜೊತೆ ಹೋಗುವ ಜೀವಸತ್ವದ ಬಗ್ಗೆ ಚಿಂತಿಸಿ. ಆ ನೀರಿನಲ್ಲೇ ಹದ ಮಾಡಿ.

ಸದಸ್ಯ 9: ಸ್ಟೀಲ್ ಜಾರ್ ಒಳ್ಳೆಯದೋ, ಗಾಜಿನದೋ?

ಸದಸ್ಯೆ 10: ಆಲೂಗಡ್ಡೆ ಅರೆದರೆ ಗೋಂದಿನಂತೆ ಆಗುತ್ತದೆ. ಯಂತ್ರದ ದೋಷವೇ?

ಚಿಕಿತ್ಸಕಿ: ಅಲ್ಲ. ಬ್ಲೇಡ್ ಆಲೂಗಡ್ಡೆಯ ಕೋಶಗಳನ್ನು ಸೀಳಿ ಪಿಷ್ಟವನ್ನು ಹೊರಬಿಡುತ್ತದೆ, ಅದೇ ಅಂಟು. ಬಿಸಿಯಿರುವಾಗಲೇ ಜರಡಿಯಲ್ಲಿ ಒತ್ತಿ, ಬ್ಲೇಡಿಗೆ ಹಾಕಬೇಡಿ. ನುಂಗಲು ಕಷ್ಟಪಡುವವರಿಗೆ ಆ ಗೋಂದು ಅಪಾಯಕಾರಿ.

ಸದಸ್ಯ 11: ನಿನ್ನೆ ಕುದಿಯುವ ಸೂಪನ್ನು ಬ್ಲೆಂಡರ್‌ಗೆ ತುಂಬಿ ಚಾಲೂ ಮಾಡಿದಾಗ ಮುಚ್ಚಳ ಹಾರಿ ಕೈ ಸುಟ್ಟುಕೊಂಡೆ. ಅಲ್ಲದೆ ಬ್ಲೇಡನ್ನು ಹಿಡಿದಿಡುವ ರಿವೆಟ್ ಮೊಳೆಯ ಬಳಿ ಕೂದಲೆಳೆಯಂಥ ಬಿರುಕು ಕಾಣುತ್ತಿದೆ. ಬಳಸಬಹುದೇ?

ಚಿಕಿತ್ಸಕಿ: ಬಳಸಬೇಡಿ, ಇವತ್ತೇ ಬ್ಲೇಡ್ ತೆಗೆದಿಡಿ. 2016ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 80 ಲಕ್ಷ ಫುಡ್ ಪ್ರೊಸೆಸರ್‌ಗಳ ರಿವೆಟ್ ಬ್ಲೇಡುಗಳನ್ನು ಹಿಂಪಡೆದದ್ದು ಇದೇ ಬಗೆಯ ಬಿರುಕಿಗಾಗಿ. ಲೋಹದ ಚೂರು ಊಟದಲ್ಲಿ ಸೇರಿ ಜನರ ಬಾಯಿಗೂ ಹಲ್ಲಿಗೂ ಗಾಯವಾಗಿತ್ತು. ಅರೆದ ಆಹಾರವನ್ನು ಅಗಿಯದೆ ನುಂಗುವವರಿಗೆ ಆ ಚೂರು ಬಾಯಲ್ಲಿ ಗೊತ್ತಾಗುವುದೂ ಇಲ್ಲ. ಹಳೆಯ ಯಂತ್ರ ಇರುವವರೆಲ್ಲರೂ ಬ್ಲೇಡನ್ನು ಬೆಳಕಿಗೆ ಹಿಡಿದು ನೋಡಿ. ಬಿಸಿ ದ್ರವವನ್ನು ಸ್ವಲ್ಪ ಆರಿಸಿ, ಜಾರ್‌ನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚಳದ ನಡುವಿನ ಬಿರಡೆಯನ್ನು ತೆಗೆದು ಆ ರಂಧ್ರದ ಮೇಲೆ ಮಡಿಸಿದ ಬಟ್ಟೆ ಹಿಡಿದು ಕಡಿಮೆ ವೇಗದಲ್ಲಿ ಆರಂಭಿಸಿ.

ಸದಸ್ಯ 12: ಒಟ್ಟಾರೆ ಎಷ್ಟು ವ್ಯಾಟ್ ಸಾಕು, ಮೇಡಂ?

ಚಿಕಿತ್ಸಕಿ: ಮೇಲೆ ಉತ್ತರಿಸಿದ್ದೇನೆ.

ಸದಸ್ಯೆ 13: ಒಂದು ವಾರಕ್ಕಾಗುವಷ್ಟು ಒಮ್ಮೆಲೇ ಅರೆದು ಇಡಬಹುದೇ?

ಚಿಕಿತ್ಸಕಿ: ಫ್ರಿಜ್‌ನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಉಳಿದದ್ದನ್ನು ಅರೆದ ದಿನವೇ ಊಟಕ್ಕೊಂದರಂತೆ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ. ಕರಗಿದ ಮೇಲೆ ನೀರು ಬಿಟ್ಟುಕೊಳ್ಳುವುದರಿಂದ ಹಬೆಯಾಡುವಷ್ಟು ಕಾಯಿಸಿ, ಮತ್ತೊಮ್ಮೆ ಅರೆದು, ಉಣ್ಣುವ ಬಿಸಿಗೆ ಆರಿದ ಮೇಲೆ ಫೋರ್ಕ್ ಪರೀಕ್ಷೆ ಮಾಡಿ. ಜಾರ್‌ನ ರಬ್ಬರ್ ಗ್ಯಾಸ್ಕೆಟ್ ಅನ್ನು ಪ್ರತಿ ಸಲವೂ ಬಿಚ್ಚಿ ತೊಳೆಯಿರಿ, ಅದರಡಿ ಬೂಷ್ಟು ಕಟ್ಟುತ್ತದೆ.

ಸದಸ್ಯ 4: ಎಲ್ಲಕ್ಕೂ ಬೇಡ ಎನ್ನುವುದಾದರೆ ನಾವು ಕೇಳುವುದಾದರೂ ಏಕೆ?

ಗುಂಪಿನ ನಿರ್ವಾಹಕಿ: ಸದಸ್ಯ 4 ಅವರ ಸಂದೇಶವನ್ನು ಅಳಿಸಿದ್ದೇನೆ. ಸದಸ್ಯ 6 ಮತ್ತು ಸದಸ್ಯೆ 8 ಇಬ್ಬರೂ ದಯವಿಟ್ಟು ಬೇರೆಡೆ ಚರ್ಚಿಸಿ.

ಸದಸ್ಯೆ 3: ಮೇಡಂ, ವೈದ್ಯರೊಂದಿಗೆ ಮಾತನಾಡಿದೆ. ಇವತ್ತು ಸಂಜೆಯೇ ಕರೆತರಲು ಹೇಳಿದ್ದಾರೆ, ಅಲ್ಲಿಯವರೆಗೆ ಬಾಯಿಗೆ ಏನನ್ನೂ ಕೊಡಬೇಡಿ ಎಂದಿದ್ದಾರೆ. ಚೀಟಿಯಲ್ಲಿ 4 ಎಂದೇ ಇದೆ. ಅದು ಊಟದ ಸಂಖ್ಯೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಬೆಳಗ್ಗೆ ಅರೆದದ್ದನ್ನು ಈಗ ಜರಡಿಯಲ್ಲಿ ಒತ್ತಿ ನೋಡಿದೆ. ಒಂದು ಚಮಚದಷ್ಟು ಸಿಪ್ಪೆ ಉಳಿಯಿತು.

ಚಿಕಿತ್ಸಕಿ: ಆ ಸಿಪ್ಪೆಯನ್ನೂ, ಅರೆದ ಆಹಾರವನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಪರೀಕ್ಷಿಸುವವರಿಗೆ ತೋರಿಸಿ. ಯಾವ ದಿನ ಜ್ವರ ಬಂದಿತ್ತು, ಯಾವ ಊಟದ ನಂತರ ಕೆಮ್ಮಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೊಸ ಯಂತ್ರವನ್ನು ಅವರು ಹದ ಹೇಳಿದ ಮೇಲೆ ಕೊಳ್ಳೋಣ. ರಾತ್ರಿ ಎಷ್ಟು ಹೊತ್ತಾದರೂ ಸರಿ, ಏನೆಂದರು ಎಂದು ನನಗೆ ತಿಳಿಸಿ.