ಅಪ್‌ಡೇಟ್ ಮಾಡಿದ ರಾತ್ರಿಯೇ ಒಂಬತ್ತು ವೈಫೈ ರಿಲೇ ಕೈಕೊಟ್ಟವು (ಟ್ಯಾಸ್ಮೋಟಾ, ಹೋಮ್‌ಸ್ಟೇ)

ತೋಟದಮನೆ, ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಕಾಫಿ ತೋಟದ ನಡುವೆ ಆರು ಕಾಟೇಜು. ದಾರಿದೀಪ, ಜಗಲಿ ಲೈಟು, ಗೀಸರ್, ನೀರಿನ ಪಂಪು ಎಲ್ಲವೂ ವೈಫೈ ರಿಲೇ (ವೈಫೈ ಮೂಲಕ ಆನ್-ಆಫ್ ಮಾಡೋ ಸ್ವಿಚ್ಚು) ಮೇಲೆ ನಡೆಯುತ್ತವೆ. (ಗೀಸರ್‌ಗೆ, ಪಂಪಿಗೆ ಬೇರೆ ಕಾಂಟ್ಯಾಕ್ಟರ್ (ಭಾರೀ ಲೋಡ್ ಹೊರುವ ಸ್ವಿಚ್ಚು) ಹಾಕಿದ್ದೇನೆ, ಅದಕ್ಕೆ ಬೈಯಬೇಡಿ.) ಒಟ್ಟು 23 ರಿಲೇ. ಎಲ್ಲದರಲ್ಲೂ ಇಎಸ್‌ಪಿ8266 ಚಿಪ್ಪು, 1 ಎಂಬಿ ಫ್ಲ್ಯಾಶ್ (ಪ್ರೋಗ್ರಾಂ ಉಳಿಯೋ ಮೆಮೊರಿ), ಟ್ಯಾಸ್ಮೋಟಾ ಫರ್ಮ್‌ವೇರ್ (ಚಿಪ್ಪಿನಲ್ಲಿ ಓಡೋ ಪ್ರೋಗ್ರಾಂ). ಗೇಟಿನ ಎರಡು ಹಳೇ 6.6 ಆವೃತ್ತಿಯಲ್ಲೇ ಉಳಿದಿವೆ, ಬಾಕಿ 21 ಎಲ್ಲಾ 9.5ರಲ್ಲಿದ್ದವು.

ಗುರುವಾರ ಗೆಸ್ಟ್ ಯಾರೂ ಇರಲಿಲ್ಲ. ಇಂಟರ್ನೆಟ್ ನಿಧಾನ ಅಂತ ಫೈಲುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಅದನ್ನೇ ಸರ್ವರ್ ಮಾಡಿ, 21ಕ್ಕೂ ಅಪ್‌ಡೇಟ್ ಕೊಟ್ಟೆ. 12 ಆರಾಮಾಗಿ ಆದವು. 4ರಲ್ಲಿ ಪುಟ ತೆರೆಯುತ್ತೆ, ಆದರೆ ಆನ್-ಆಫ್ ಬಟನ್ನೇ ಇಲ್ಲ. ಮೇಲೆ 'ಮಿನಿಮಲ್ ಫರ್ಮ್‌ವೇರ್, ಅಪ್‌ಗ್ರೇಡ್ ಮಾಡಿ' ಅಂತ ಬರುತ್ತೆ. ಇನ್ನುಳಿದ 5 ಸಂಜೆ ತನಕ ಚೆನ್ನಾಗಿದ್ದವು. ರಾತ್ರಿ ಜೋರು ಮಳೆ. ಬೆಳಗ್ಗೆ ನೋಡಿದರೆ ಐದೂ ನಾಪತ್ತೆ. ರೂಟರ್‌ನಲ್ಲಿ ಹೆಸರೇ ಇಲ್ಲ.

ಹೊಸ ಫರ್ಮ್‌ವೇರಲ್ಲೇ ಏನೋ ಬಗ್ ಇದೆ ಅನ್ಸುತ್ತೆ. ಎಲ್ಲಾ ವಾಪಸ್ 9.5ಕ್ಕೆ ತರಲಾ? ಶನಿವಾರ ಬೆಂಗಳೂರಿಂದ ಎರಡು ಕುಟುಂಬ ಬರ್ತಿದೆ. ಸ್ವಲ್ಪ ಬೇಗ ಹೇಳಿ.

ಹಳೇ ಸ್ವಿಚ್ಚು, ಸಕಲೇಶಪುರ:

ಎಲ್ಲಾ ಕಿತ್ತು ಬಿಸಾಕಿ ಸರ್. ನಮ್ಮ ತಂದೆ ಹಾಕಿಸಿದ ಸ್ವಿಚ್ಚು ಇನ್ನೂ ಗೋಡೆ ಮೇಲಿದೆ, ಇವತ್ತಿನವರೆಗೂ ಅಪ್‌ಡೇಟ್ ಕೇಳಿಲ್ಲ.

ಮಂಟಪದ ಲೈಟು, ಹಾಸನ:

ಸರ್, ಈಗಲೇ ವಾಪಸ್ ಹೋಗಬೇಡಿ. ನಾನು ಇಲ್ಲೊಂದು ಕಲ್ಯಾಣ ಮಂಟಪದ ಲೈಟಿಂಗ್ ನೋಡಿಕೊಳ್ತೀನಿ, ಇದೇ ಚಿಪ್ಪು ಅಲ್ಲೂ ಇದೆ. ನಿಮ್ಮದು ಒಂದೇ ಕಾಯಿಲೆ ಅಲ್ಲ, ಎರಡು. ಒಂದೇ ದಿನ ಬಂದಿವೆ ಅಷ್ಟೇ.

ಮೊದಲು ಆ ನಾಲ್ಕು. 1 ಎಂಬಿ ಫ್ಲ್ಯಾಶ್‌ನಲ್ಲಿ ಈಗ ಓಡುತ್ತಿರುವ ಪ್ರೋಗ್ರಾಂ, ಹೊಸದು, ಎರಡೂ ಒಟ್ಟಿಗೆ ಹಿಡಿಸೋದಿಲ್ಲ. ಅದಕ್ಕೇ ಮೊದಲು 'ಮಿನಿಮಲ್' ಅನ್ನೋ ಪುಟ್ಟ ಫೈಲ್ ಇಳಿಯುತ್ತೆ. ರೀಸ್ಟಾರ್ಟ್ ಆಗುತ್ತೆ. ಆಮೇಲೆ ಅದೇ ಮಿನಿಮಲ್ ಮತ್ತೆ ಸರ್ವರ್‌ಗೆ ಹೋಗಿ ಪೂರ್ತಿ ಫರ್ಮ್‌ವೇರ್ ತರುತ್ತೆ. ಹೊಸ ಮನೆ ಸೇರುವ ಮುಂಚೆ ಜಗಲಿಯಲ್ಲಿ ಮಲಗಿದ ಹಾಗೆ. ನಿಮ್ಮ ನಾಲ್ಕು ಜಗಲಿಯಲ್ಲೇ ಉಳಿದಿವೆ. ಎರಡನೇ ಸಲ ಹೋದಾಗ ಸರ್ವರ್ ಸಿಕ್ಕಿಲ್ಲ. ಲ್ಯಾಪ್‌ಟಾಪ್ ನಿದ್ದೆಗೆ ಹೋಗಿತ್ತಾ? ಅಥವಾ ಅದರ ಐಪಿ ವಿಳಾಸ ಬದಲಾಯ್ತಾ?

ಆ ಐದರ ಬಗ್ಗೆ ಎರಡು ಪ್ರಶ್ನೆ. ಹತ್ತಿರ ಹೋಗಿ ಮೊಬೈಲಲ್ಲಿ ವೈಫೈ ಹುಡುಕಿದ್ರೆ 'ಟ್ಯಾಸ್ಮೋಟಾ' ಅಂತ ಶುರುವಾಗೋ ಹೆಸರು ಕಾಣುತ್ತಾ? ಮತ್ತೆ, ಇನ್ವರ್ಟರ್ ಲೈನಲ್ಲಿ ಯಾವ್ಯಾವ ರಿಲೇ ಇವೆ, ಹೊರಗೆ ಯಾವ್ಯಾವು?

ತೋಟದಮನೆ, ಮೂಡಿಗೆರೆ:

ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗಿದ್ದೆ. ಹೇಳೋಕೆ ನಾಚಿಕೆ ಆಗುತ್ತೆ.

ಹೌದು, ವೈಫೈ ಹೆಸರು ಕಾಣುತ್ತೆ. ಪಾಸ್‌ವರ್ಡೂ ಕೇಳಲ್ಲ. ಇನ್ವರ್ಟರ್ ವಿಷಯ ನೋಡಿದೆ, ಆಶ್ಚರ್ಯ. ಆ ಐದೂ ಪಂಪ್‌ಹೌಸ್ ಬೋರ್ಡಿನವು. ದಾರಿದೀಪದ ನಾಲ್ಕು, ಪಂಪಿನ ಒಂದು. ಆ ಬೋರ್ಡಿಗೆ ಇನ್ವರ್ಟರ್ ಇಲ್ಲ. ಇನ್ವರ್ಟರ್ ಲೈನಿನಲ್ಲಿದ್ದ ಒಂದೂ ಮಾಯವಾಗಿಲ್ಲ.

ಮಂಟಪದ ಲೈಟು, ಹಾಸನ:

ಅಲ್ಲೇ ಇದೆ ನೋಡಿ ಉತ್ತರ. ಟ್ಯಾಸ್ಮೋಟಾದಲ್ಲಿ ಒಂದು ಕೊನೇ ಉಪಾಯ ಇಟ್ಟಿದ್ದಾರೆ. ಬಟನ್ ಕೈಗೆ ಸಿಗದೆ, ವೆಬ್ ಪುಟವೂ ತೆರೆಯದೆ ಇದ್ದಾಗ ಕರೆಂಟನ್ನೇ ಆನ್-ಆಫ್ ಮಾಡಿ ರೀಸೆಟ್ ಮಾಡಬಹುದು. 10 ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಆರು ಸಲ ಕರೆಂಟ್ ಬಂದು ಹೋಗಿ, ಏಳನೇ ಸಲ ಬಂದು ನಿಂತರೆ ಎಲ್ಲಾ ಸೆಟ್ಟಿಂಗ್ ಅಳಿಸಿ ಫ್ಯಾಕ್ಟರಿ ಸ್ಥಿತಿಗೆ ಹೋಗುತ್ತೆ. ಲೈನ್ ಸರಿ ಇಲ್ಲದ ಕಡೆ ಇದು ತಾನಾಗೇ ಆಗಿಬಿಡಬಹುದು ಅಂತ ಅವರೇ ಎಚ್ಚರಿಕೆ ಕೊಟ್ಟಿದ್ದಾರೆ. ಮಳೆಗಾಲದ ಮಲೆನಾಡಲ್ಲಿ ಸಿಲ್ವರ್ ಓಕ್ ಕೊಂಬೆ ತಂತಿಗೆ ಉಜ್ಜಿದ್ರೆ ಸಾಕಲ್ವಾ, ಕರೆಂಟ್ ಕಣ್ಣು ಮಿಟುಕಿಸ್ತಾನೇ ಇರುತ್ತೆ.

ಹಾಗಾಗಿ ಐದಕ್ಕೂ ಫರ್ಮ್‌ವೇರ್ ಚೆನ್ನಾಗೇ ಇದೆ, ನೆನಪು ಮಾತ್ರ ಹೋಗಿದೆ. ಆ ವೈಫೈಗೆ ಸೇರಿ, ಬ್ರೌಸರಲ್ಲಿ 192.168.4.1 ತೆರೆಯಿರಿ, ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಕೊಡಿ. ಆಮೇಲೆ ಕಾನ್ಫಿಗರೇಶನ್‌ಗೆ ಹೋಗಿ ಹಳೇ ಬ್ಯಾಕಪ್ ಫೈಲ್ ಹಾಕಿ. ಇವತ್ತೇ ಮಾಡಿ. ಈಗ ಅವು ಬಾಗಿಲು ತೆರೆದಿಟ್ಟುಕೊಂಡು ಕೂತಿವೆ. ಗೆಸ್ಟ್ ಜೊತೆ ಬಂದ ಯಾವ ಹುಡುಗ ಬೇಕಾದ್ರೂ ಒಳಗೆ ಹೋಗಬಹುದು.

ಬ್ಯಾಕಪ್ ಇಲ್ಲದಿದ್ರೆ, ಅದೇ ಮಾಡೆಲ್‌ನ ಕೆಲಸ ಮಾಡೋ ರಿಲೇಯ ಕನ್ಸೋಲ್ (ಅದರ ಪುಟದಲ್ಲಿ ಆಜ್ಞೆ ಟೈಪ್ ಮಾಡೋ ಜಾಗ) ತೆರೆದು 'ಟೆಂಪ್ಲೇಟ್' ಅಂತ ಟೈಪ್ ಮಾಡಿ. ಬರುವ ಸಾಲನ್ನು (ಚಿಪ್ಪಿನ ಯಾವ ಪಿನ್ನಿಗೆ ಏನಿದೆ ಅನ್ನೋ ಪಟ್ಟಿ) ನೆನಪು ಹೋದ ರಿಲೇಗೆ ಅಂಟಿಸಿ. ಒಂದರ ಪೂರ್ತಿ ಬ್ಯಾಕಪ್ಪನ್ನು ಇನ್ನೊಂದಕ್ಕೆ ಸುರಿಯಬೇಡಿ. ನೀವು ಇಟ್ಟ ಟಾಪಿಕ್ ಹೆಸರೂ (ಆಜ್ಞೆ ಯಾವ ರಿಲೇಗೆ ಅನ್ನೋ ಗುರುತು) ಅದರ ಜೊತೆ ಬರುತ್ತೆ. 2ನೇ ಕಾಟೇಜಿನ ಲೈಟ್ ಹಾಕಿದ್ರೆ 5ನೆಯದೂ ಹತ್ತುತ್ತೆ.

ಎಲ್ಲಾ ಸರಿಯಾದ ಮೇಲೆ 21ಕ್ಕೂ ಕನ್ಸೋಲಲ್ಲಿ 'ಸೆಟ್‌ಆಪ್ಷನ್65 1' ಕೊಡಿ. ಕರೆಂಟ್ ಎಷ್ಟು ಸಲ ಹೋಗಿ ಬಂದರೂ ರೀಸೆಟ್ ಆಗೋದಿಲ್ಲ. ಗೀಸರ್, ಪಂಪಿಗೆ 'ಪವರ್‌ಆನ್‌ಸ್ಟೇಟ್ 0' ಕೂಡ ಕೊಡಿ, ಕರೆಂಟ್ ಬಂದ ಕೂಡಲೇ ತಾನಾಗೇ ಹತ್ತಬಾರದು.

ತೋಟದಮನೆ, ಮೂಡಿಗೆರೆ:

ಗುರುಗಳೇ, ನಾಲ್ಕೂ ಎದ್ದವು. ಲ್ಯಾಪ್‌ಟಾಪ್ ಸರ್ವರ್ ಬೇಡ ಅಂತ ಒಂದೊಂದರ ಪುಟ ತೆರೆದು, ಪೂರ್ತಿ ಫೈಲನ್ನು ನೇರ ಅಪ್‌ಲೋಡ್ ಮಾಡಿದೆ. ಸೆಟ್ಟಿಂಗ್ ಎಲ್ಲಾ ಹಾಗೇ ಇತ್ತು. ಐದರಲ್ಲಿ ಮೂರಕ್ಕೆ ಬ್ಯಾಕಪ್ ಸಿಕ್ತು, ಎರಡಕ್ಕೆ ಟೆಂಪ್ಲೇಟ್ ಅಂಟಿಸಿದೆ.

ಇನ್ನೊಂದು ವಿಷಯ ಹೊರಬಂತು. ತೋಟ ನೋಡಿಕೊಳ್ಳೋ ಅಣ್ಣನ್ನ ಕೇಳಿದೆ, ರಾತ್ರಿ ಲೈಟ್ ತುಂಬಾ ಮಿಟುಕಿಸ್ತಿತ್ತಾ ಅಂತ. 'ಎರಡು ಸಲ ಹೋಗಿ ಬಂತು ಸ್ವಾಮಿ. ಆಮೇಲೆ ದಾರಿ ಲೈಟು ಹತ್ತಲಿಲ್ಲ, ಅದಕ್ಕೆ ನಾನೇ ಪಂಪ್‌ಹೌಸ್ ಎಂಸಿಬಿ ಸ್ವಿಚ್ಚು ಇಳಿಸಿ ಏರಿಸಿ ಮಾಡಿದೆ' ಅಂದ. ಎಷ್ಟು ಸಲ ಅಂದ್ರೆ, 'ಹತ್ತೋ ತನಕ' ಅಂದ. ಕೊಡೆ ಹಿಡ್ಕೊಂಡು, ಮಳೇಲಿ ನಿಂತು, ಟಕಟಕ ಅಂತ. ಬೈಯೋಕೂ ಮನಸ್ಸು ಬರಲಿಲ್ಲ. ಸಿಲ್ವರ್ ಓಕ್ ಕೊಂಬೆ ನಿರಪರಾಧಿ.

ಗೇಟಿನ ಎರಡು ಹಳೇವು ಉಳಿದಿವೆ. ನೇರ ಹೊಸದಕ್ಕೆ ಹಾರಿಸಬಹುದಾ?

ಮಂಟಪದ ಲೈಟು, ಹಾಸನ:

ಹಾರಿಸಬೇಡಿ. ಸೆಟ್ಟಿಂಗ್ ಬರೆದಿಡೋ ರೀತಿ ನಡುವೆ ಬದಲಾಗಿದೆ. ಮೆಟ್ಟಿಲು ಹತ್ತಿದ ಹಾಗೆ ಹೋಗಿ: 6.7.1, ಆಮೇಲೆ 7.2.0, 8.5.1, 9.1, ಕೊನೆಗೆ ಹೊಸದು. ಪ್ರತಿ ಮೆಟ್ಟಿಲಿಗೂ ಆಯಾ ಆವೃತ್ತಿಯ ಮಿನಿಮಲ್ ಫೈಲೇ ಬೇಕು. ಹಳೇ ಆವೃತ್ತಿಗೆ ಜಿಪ್ ಮಾಡಿದ ಫೈಲ್ ಅರ್ಥ ಆಗಲ್ಲ, ಮಾಮೂಲಿ ಬಿನ್ ಫೈಲ್ ಕೊಡಿ.

ಇಳಿಸುವಾಗ ವೈಫೈ ಹೋದ್ರೆ ಭಯ ಇಲ್ಲ, ಹಳೆಯದೇ ಉಳಿಯುತ್ತೆ. ಇಳಿದ ಮೇಲೆ ರೀಸ್ಟಾರ್ಟ್ ಆಗುವ ಆ ಕೆಲವು ಸೆಕೆಂಡಲ್ಲಿ ಕರೆಂಟ್ ಹೋದ್ರೆ ಮಾತ್ರ ಕೆಟ್ಟಿತು. ಆಗ ಡಬ್ಬಿ ಬಿಚ್ಚಿ, ಕಂಪ್ಯೂಟರಿಂದ ಚಿಪ್ಪಿಗೆ ತಂತಿ ಜೋಡಿಸೋ 3.3 ವೋಲ್ಟ್ ಸೀರಿಯಲ್ ಅಡಾಪ್ಟರಲ್ಲೇ ಫರ್ಮ್‌ವೇರ್ ಬರೆಯಬೇಕು. ಅದನ್ನ ಮಾಡುವಾಗ ರಿಲೇಯ ಮೈನ್ಸ್ ವೈರ್ ಪೂರ್ತಿ ಬಿಚ್ಚಿರಬೇಕು. ಎಂಸಿಬಿ ಇಳಿಸಿದ್ರೆ ಸಾಕು ಅಂದ್ಕೋಬೇಡಿ, ಯಾರೋ ಏರಿಸಿಬಿಡ್ತಾರೆ. ನಿಮ್ಮಲ್ಲಂತೂ ಗ್ಯಾರಂಟಿ.

ತೋಟದಮನೆ, ಮೂಡಿಗೆರೆ:

ಹ್ಹಹ್ಹ, ಸರಿ. ಗೇಟಿನವನ್ನ ಬಿಚ್ಚಿ ತಂದು, ಮನೇಲಿ ಇನ್ವರ್ಟರ್ ಪ್ಲಗ್ಗಲ್ಲಿ ಹಾಕಿ ಮಾಡ್ತೀನಿ. ಸೋಮವಾರ, ಗೆಸ್ಟ್ ಹೋದ ಮೇಲೆ. ಲ್ಯಾಪ್‌ಟಾಪ್ ಮುಚ್ಚಲ್ಲ. ಊಟ ಅದರ ಮುಂದೇನೇ.