ಪ್ರಶ್ನೋತ್ತರ: ಬೆಂಗಳೂರಿನಲ್ಲಿ ನಮ್ಮ ಸಂಬಳಕ್ಕೆ ಹೊಂದುವ ಬಡಾವಣೆ ಯಾವುದು?

ಪ್ರಶ್ನೆ (ಶಿವಮೊಗ್ಗದ ಸದಸ್ಯರು):
ನಮಸ್ಕಾರ ಸರ್. ಬರುವ ತಿಂಗಳು ನಾವು ಬೆಂಗಳೂರಿಗೆ ಬರುತ್ತಿದ್ದೇವೆ. ನನಗೆ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ಲೆಕ್ಕಪತ್ರ ವಿಭಾಗದ ಕೆಲಸ ಸಿಕ್ಕಿದೆ. ನನ್ನ ಪತ್ನಿ ಜಯದೇವ ಆಸ್ಪತ್ರೆ ಮೆಟ್ರೋ ನಿಲ್ದಾಣದ ಸಮೀಪದ ಒಂದು ನರ್ಸಿಂಗ್ ಹೋಮಿನಲ್ಲಿ ಶುಶ್ರೂಷಕಿಯಾಗಿ ಸೇರಲಿದ್ದಾರೆ, ಅವರಿಗೆ ಪಾಳಿಯ ಕೆಲಸ. ಏಳು ವರ್ಷದ ಮಗಳಿದ್ದಾಳೆ. ಜೊತೆಗೆ ಮಂಡಿ ನೋವಿರುವ ನನ್ನ ತಾಯಿಯೂ ಇದ್ದಾರೆ. ಮೂರು ಮನೆಗಳ ವಿವರ ಬಂದಿದೆ. ಚಂದಾಪುರದಲ್ಲಿ ತಿಂಗಳಿಗೆ 11,000 ಬಾಡಿಗೆ, 50,000 ಮುಂಗಡ. ಹೊಂಗಸಂದ್ರದಲ್ಲಿ 15,500 ಬಾಡಿಗೆ, ಒಂದು ಲಕ್ಷ ಮುಂಗಡ. ಬಿಟಿಎಂ ಬಡಾವಣೆಯಲ್ಲಿ 22,000 ಬಾಡಿಗೆ, ಎರಡು ಲಕ್ಷ ಮುಂಗಡ. ಚಂದಾಪುರವೇ ಲಾಭ ಎಂದು ನನಗನ್ನಿಸುತ್ತದೆ, ಪತ್ನಿ ಒಪ್ಪುತ್ತಿಲ್ಲ. ತಮ್ಮ ಸಲಹೆ ಬೇಕು.

ಉತ್ತರ (ಬಾಡಿಗೆ ಮನೆಗಳ ಮಧ್ಯವರ್ತಿ, ದಕ್ಷಿಣ ಬೆಂಗಳೂರು):
ನಮಸ್ಕಾರ. ಅನೇಕ ದಂಪತಿಗಳಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ನಿಮ್ಮಿಬ್ಬರ ಕೆಲಸದ ಜಾಗಗಳೂ ಒಂದೇ ಮೆಟ್ರೋ ಮಾರ್ಗದ ಮೇಲಿವೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿಗೂ ತುಸು ಹೆಚ್ಚು ಉದ್ದವಿದ್ದು, ಅದರಲ್ಲಿ 16 ನಿಲ್ದಾಣಗಳಿವೆ. ಆದ್ದರಿಂದ ಇಡೀ ಊರನ್ನು ಹುಡುಕುವ ಶ್ರಮ ನಿಮಗಿಲ್ಲ, ಈ ಒಂದು ಗೆರೆಯ ಅಕ್ಕಪಕ್ಕ ನೋಡಿದರೆ ಸಾಕು.

ಈಗ ಲೆಕ್ಕಕ್ಕೆ ಬರೋಣ. ಮನೆ ತೋರಿಸಲು ಹೋದಾಗಲೆಲ್ಲ ನಾನು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಸುತ್ತೇನೆ: ಬಾಡಿಗೆ, ಮುಂಗಡದ ಬಡ್ಡಿ, ಓಡಾಟ, ನೀರು. ಮುಂಗಡ ಹಿಂದಿರುಗಿ ಬರುವ ಹಣವೆಂದು ಯಾರೂ ಅದನ್ನು ಖರ್ಚಿಗೆ ಸೇರಿಸುವುದಿಲ್ಲ. ಆದರೆ ಅದೇ ಹಣವನ್ನು ಬ್ಯಾಂಕಿನಲ್ಲಿ ಶೇ. 7ರ ಠೇವಣಿ ಇಟ್ಟಿದ್ದರೆ ಲಕ್ಷಕ್ಕೆ ತಿಂಗಳಿಗೆ ಸುಮಾರು 600 ರೂಪಾಯಿ ಬರುತ್ತಿತ್ತು, ಮನೆಯ ಮಾಲೀಕರ ಕೈಯಲ್ಲಿದ್ದರೆ ಅದು ಬರುವುದಿಲ್ಲ. ಓಡಾಟದ ಮತ್ತು ನೀರಿನ ಮೊತ್ತಗಳನ್ನು ನಾನು ಅಂದಾಜಿನಲ್ಲಿ ಹಾಕುತ್ತೇನೆ, ನೀವು ಒಂದು ದಿನ ಓಡಾಡಿ ನೋಡಿ ತಿದ್ದಿಕೊಳ್ಳಿ.

ಚಂದಾಪುರದಲ್ಲಿ ಬಾಡಿಗೆ 11,000, ಮುಂಗಡದ ಬಡ್ಡಿ 300, ನಿಮ್ಮ ಬೈಕಿನ ಪೆಟ್ರೋಲಿಗೆ 800, ಬೇಸಿಗೆಯ ಟ್ಯಾಂಕರ್ ಮತ್ತು ಕುಡಿಯುವ ನೀರಿನ ಕ್ಯಾನ್ ಸೇರಿ 1,100. ನಿಮ್ಮ ಪತ್ನಿ ಬೊಮ್ಮಸಂದ್ರದವರೆಗೆ ಬಂದು ಅಲ್ಲಿಂದ ಮೆಟ್ರೋ ಹಿಡಿಯಬೇಕು. ದಿನಕ್ಕೆ 140 ರೂಪಾಯಿಯಂತೆ 25 ದಿನಕ್ಕೆ 3,500. ಒಟ್ಟು 16,700. ಹೊಂಗಸಂದ್ರದಲ್ಲಿ ಬಾಡಿಗೆ 15,500, ಬಡ್ಡಿ 600, ನಿಮ್ಮ ಮೆಟ್ರೋ 2,000, ಪತ್ನಿಯದು 1,500. ನೀರಿನ ಸಾಲನ್ನು ಇಲ್ಲಿ ಖಾಲಿ ಬಿಟ್ಟಿದ್ದೇನೆ, ಮನೆ ನೋಡಿದ ಮೇಲೆ ನೀವೇ ತುಂಬಿಕೊಳ್ಳಿ. ಒಟ್ಟು 19,600. ಅವರು ಬಸ್ಸಿನಲ್ಲಿ ಹೋದರೆ ಆ 1,500 ಕೂಡ ಉಳಿಯುತ್ತದೆ, ಏಕೆಂದರೆ 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಹವಾನಿಯಂತ್ರಿತ ವಜ್ರ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಬಿಟಿಎಂ ಮನೆಯ ಮೊತ್ತ 25,000 ದಾಟುವುದರಿಂದ ಅದನ್ನು ಬಿಟ್ಟುಬಿಡಿ.

ಹಾಗಾದರೆ ಚಂದಾಪುರವೇ ಅಗ್ಗವಲ್ಲವೇ ಎಂದರೆ, ಹೌದು, ಅಗ್ಗವೇ. ಆದರೆ 4,500 ರೂಪಾಯಿ ಎಂದು ಕಾಣುತ್ತಿದ್ದ ಅಂತರ 2,900ಕ್ಕೋ 1,400ಕ್ಕೋ ಇಳಿಯಿತು. ಆ ಅಂತರದ ಹಣವನ್ನು ಉಳಿಸುವವರು ನೀವು, ಅದಕ್ಕಾಗಿ ಪ್ರತಿದಿನ ಎರಡು ವಾಹನ ಬದಲಾಯಿಸುವವರು ನಿಮ್ಮ ಪತ್ನಿ. ರಾತ್ರಿ ಒಂಬತ್ತಕ್ಕೆ ಪಾಳಿ ಮುಗಿಸಿ ಬೊಮ್ಮಸಂದ್ರದಲ್ಲಿ ಇಳಿದು ಚಂದಾಪುರಕ್ಕೆ ಆಟೋ ಹುಡುಕುವುದನ್ನು ಒಮ್ಮೆ ನೀವೇ ಮಾಡಿ ನೋಡಿ. ಅವರು ಒಪ್ಪದಿರುವುದಕ್ಕೆ ಕಾರಣವಿದೆ ಎಂದು ನನಗನ್ನಿಸುತ್ತದೆ.

ನನ್ನ ಸಲಹೆ ಎರಡರ ನಡುವಿನದು. ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರಸ್ತೆ, ಬೆರಟೇನ ಅಗ್ರಹಾರ ನಿಲ್ದಾಣಗಳಲ್ಲಿ ಇಳಿದು, ಹೊಸೂರು ಹೆದ್ದಾರಿಗೆ ಬೆನ್ನು ಹಾಕಿ ಹತ್ತು ಹದಿನೈದು ನಿಮಿಷ ಒಳಗೆ ನಡೆಯಿರಿ. ನಿಲ್ದಾಣದ ಕಣ್ಣಳತೆಯಲ್ಲಿರುವ ಮನೆಗೆ ಮಾಲೀಕರು ಮೆಟ್ರೋ ಹೆಸರಿನಲ್ಲಿಯೇ ಬಾಡಿಗೆ ಏರಿಸಿರುತ್ತಾರೆ. ನಾಲ್ಕು ತಿರುವು ದಾಟಿದರೆ ಆ ಬಿಸಿ ಇಳಿಯುತ್ತದೆ. ಇಡೀ ಊರಿಗೆ ಅನ್ವಯಿಸುವ ಇನ್ನೊಂದು ಸೂತ್ರವನ್ನೂ ಹೇಳುತ್ತೇನೆ. ಬೆಂಗಳೂರಿನ ದುಬಾರಿ ಬಡಾವಣೆಗಳು ಹಳ್ಳಿಗಳ ಹೊಲಗದ್ದೆಗಳ ಮೇಲೆ ಎದ್ದಂಥವು, ಆ ಹಳ್ಳಿಗಳು ಎಲ್ಲಿಗೂ ಹೋಗಿಲ್ಲ. ಕೋರಮಂಗಲದ ಮಗ್ಗುಲಲ್ಲಿ ಈಜಿಪುರ ಮತ್ತು ಜಕ್ಕಸಂದ್ರ, ಎಚ್‌ಎಸ್‌ಆರ್ ಬಡಾವಣೆಯ ಅಂಚಿನಲ್ಲಿ ಅಗರ ಮತ್ತು ಮಂಗಮ್ಮನಪಾಳ್ಯ, ಜಯನಗರಕ್ಕೆ ಅಂಟಿಕೊಂಡು ಬೈರಸಂದ್ರ, ಎಲೆಕ್ಟ್ರಾನಿಕ್ ಸಿಟಿಯ ಬೇಲಿಯಾಚೆ ದೊಡ್ಡತೋಗೂರು. ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಮೂರು ಮಹಡಿ ಕಟ್ಟಿಕೊಂಡು, ಕೆಳಗೆ ತಾವಿದ್ದು ಮೇಲಿನದನ್ನು ಬಾಡಿಗೆಗೆ ಕೊಡುವ ಮಾಲೀಕರು ಸಿಗುವುದು ಇಂಥ ಜಾಗಗಳಲ್ಲಿ. ಈ ಮನೆಗಳಲ್ಲಿ ಬಹಳಷ್ಟು ಮೊಬೈಲಿನ ಆ್ಯಪ್‌ಗಳಿಗೆ ಬರುವುದೇ ಇಲ್ಲ, ಗೇಟಿಗೆ ಕಟ್ಟಿದ ಟು-ಲೆಟ್ ಹಲಗೆಯಲ್ಲಿ ಮುಗಿದುಹೋಗುತ್ತವೆ.

ತಾಯಿಯವರ ಮಂಡಿ ನೋವನ್ನು ಮರೆಯಬೇಡಿ. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಮೇಲೆ ಹೋದಂತೆ ಬಾಡಿಗೆ ಇಳಿಯುತ್ತದೆ, ಮೂರನೆಯ ಮಹಡಿಯ ಅಗ್ಗದ ಮನೆ ನಿಮಗಲ್ಲ.

ಪ್ರಶ್ನೆ (ಅದೇ ಸದಸ್ಯರು):
ತುಂಬಾ ಧನ್ಯವಾದಗಳು ಸರ್. ಮನೆ ನೋಡಲು ಹೋದಾಗ ನೀರು, ವಿದ್ಯುತ್ ವಿಷಯದಲ್ಲಿ ಏನನ್ನು ಕೇಳಬೇಕು? ‘ಕಾವೇರಿ ನೀರಿದೆ’ ಎಂದು ಎಲ್ಲರೂ ಹೇಳುತ್ತಿದ್ದಾರೆ.

ಉತ್ತರ:
ಎಲ್ಲರೂ ಹೇಳುತ್ತಾರೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಆದರೆ ಬೀದಿಯಲ್ಲಿ ಕೊಳವೆ ಇದ್ದ ಮಾತ್ರಕ್ಕೆ ಮನೆಗೆ ನೀರು ಬಂತೆಂದು ಅರ್ಥವಲ್ಲ. ಮಾಲೀಕರು ಜಲಮಂಡಳಿಗೆ ಶುಲ್ಕ ಕಟ್ಟಿ ಸಂಪರ್ಕ ಪಡೆದಿರಬೇಕು, ಆ ಶುಲ್ಕಕ್ಕೆ ಹಿಂಜರಿದು ಕೊಳವೆಬಾವಿಯಲ್ಲೇ ದಿನ ದೂಡುವವರಿದ್ದಾರೆ. ಆದ್ದರಿಂದ ‘ಕಾವೇರಿ ಇದೆಯೇ’ ಎಂದು ಕೇಳಬೇಡಿ, ‘ಕಳೆದ ತಿಂಗಳ ನೀರಿನ ಬಿಲ್ ತೋರಿಸುತ್ತೀರಾ’ ಎಂದು ಕೇಳಿ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆಂದು ಕೆಳಮನೆಯ ಗೃಹಿಣಿಯನ್ನು ವಿಚಾರಿಸಿ; ನೀರು ಬರುವ ಮನೆಯವರಿಗೆ ಆ ಗಂಟೆ ಬಾಯಿಪಾಠವಾಗಿರುತ್ತದೆ. ತಡವರಿಸಿದರೆ ಟ್ಯಾಂಕರ್ ಮನೆ ಎಂದುಕೊಳ್ಳಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ದರ ಕೈಮೀರಿದಾಗ, ಜಿಲ್ಲಾಡಳಿತವು 5 ಕಿಲೋಮೀಟರ್ ಒಳಗಿನ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ದರ ನಿಗದಿ ಮಾಡಬೇಕಾಯಿತು. ಟ್ಯಾಂಕರ್ ತರಿಸಿದರೆ ಹಣ ಯಾರದೆಂಬುದು ಕರಾರುಪತ್ರದಲ್ಲಿ ಒಂದು ಸಾಲಾದರೂ ಇರಲಿ.

ವಿದ್ಯುತ್ತಿಗೆ ಮೆಟ್ಟಿಲ ಕೆಳಗಿನ ಮೀಟರ್ ಹಲಗೆಯ ಮುಂದೆ ನಿಂತು ಮೀಟರುಗಳನ್ನು ಎಣಿಸಿ, ಆಮೇಲೆ ಮನೆಗಳನ್ನು ಎಣಿಸಿ. ಐದು ಮನೆಗೆ ಮೂರೇ ಮೀಟರ್ ಇದ್ದರೆ ನಿಮ್ಮದು ಉಪಮೀಟರ್ ಮನೆಯಾಗಿರಬಹುದು. ತಿಂಗಳಿಗೆ 200 ಯೂನಿಟ್ ಮಿತಿಯ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಮನೆಗೆ ತನ್ನದೇ ಗೃಹಬಳಕೆಯ ಮೀಟರ್ ಇದ್ದು, ಅದರ ಖಾತೆ ಸಂಖ್ಯೆಗೆ ನಿಮ್ಮ ಆಧಾರ್ ಜೋಡಣೆಯಾಗಬೇಕು. ಹಿಂದಿನ ಬಾಡಿಗೆದಾರರ ಜೋಡಣೆ ರದ್ದಾಗಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ, ಕೊಟ್ಟ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಇನ್ನು ಮಳೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕೋಟಿ ಬೆಲೆಯ ಮನೆಗಳಿಂದಲೂ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಕರೆತಂದಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ತಗ್ಗು ಪ್ರದೇಶದ ಮನೆಯ ಕಾಂಪೌಂಡ್ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ ಉಳಿದಿರುತ್ತದೆ. ಹೊಸ ಬಣ್ಣ ಬಳಿದಿದ್ದರೆ ಪಕ್ಕದ ಮನೆಯ ಗೋಡೆ ನೋಡಿ. ಓಣಿಯ ಇಸ್ತ್ರಿ ಅಂಗಡಿಯವರಿಗೆ ಎರಡು ಅಂಗಿ ಕೊಟ್ಟು ಮಾತಿಗೆಳೆದರೂ ಆಯಿತು. ಮಧ್ಯವರ್ತಿಯಾಗಿ ನಾನು ಹೇಳಬಾರದು, ಆದರೂ ನಮಗಿಂತ ಅವರು ನಿಜ ಹೇಳುತ್ತಾರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ):
ಸರ್, ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನಮಗೆ ದಾಸರಹಳ್ಳಿ ಕಡೆ 8 ಲಕ್ಷಕ್ಕೆ ಮೂರು ವರ್ಷದ ಭೋಗ್ಯದ ಮನೆ ಸಿಗುತ್ತಿದೆ. ತಿಂಗಳ ಬಾಡಿಗೆಯೇ ಇರುವುದಿಲ್ಲ. ಇದು ಅಗ್ಗವಲ್ಲವೇ?

ಉತ್ತರ:
ಮೇಡಂ, ಲೆಕ್ಕದಲ್ಲಿ ಅಗ್ಗವೇ. ಅವಧಿ ಮುಗಿದ ಮೇಲೆ ಹಿಂದಿರುಗಬೇಕಾದ 8 ಲಕ್ಷಕ್ಕೆ ಶೇ. 7ರ ಬಡ್ಡಿಯಂತೆ ವರ್ಷಕ್ಕೆ 56,000 ರೂಪಾಯಿ, ಅಂದರೆ ತಿಂಗಳಿಗೆ 4,700ರ ಆಸುಪಾಸಿಗೆ ಒಂದು ಮನೆ. ಇಷ್ಟು ಅಗ್ಗಕ್ಕೆ ಮಾಲೀಕರು ಏಕೆ ಕೊಡುತ್ತಾರೆಂಬುದನ್ನು ಮೊದಲು ಕೇಳಿಕೊಳ್ಳಬೇಕು. ಅವರಿಗೆ ಇಡಿಗಂಟು ಬೇಕಾಗಿದೆ, ಹಲವು ಬಾರಿ ಆ ಮನೆಯ ಮೇಲೆ ಬ್ಯಾಂಕ್ ಸಾಲವೂ ಇರುತ್ತದೆ. ಕಂತು ನಿಂತು ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯಲು ಬಂದರೆ, ನಿಮ್ಮ 8 ಲಕ್ಷಕ್ಕಾಗಿ ನೀವು ಮಾಲೀಕರ ಹಿಂದೆ ನ್ಯಾಯಾಲಯ ಅಲೆಯಬೇಕಾಗುತ್ತದೆ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಆ ಸ್ವತ್ತಿನ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ತೆಗೆಸಿ ನೋಡಿ. ಎಲ್ಲ ಸಾಲವೂ ಅದರಲ್ಲಿ ಕಾಣುತ್ತದೆಂಬ ಭರವಸೆಯಿಲ್ಲದ ಕಾರಣ ಮೂಲ ಕ್ರಯಪತ್ರವನ್ನು ಕಣ್ಣಾರೆ ತೋರಿಸಲು ಕೇಳಿ. ‘ಬ್ಯಾಂಕಿನಲ್ಲಿದೆ’ ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಿ.

ಕರಾರಿಗೆ ಸಹಿ ಹಾಕುವವರು ಮಾಲೀಕರೇ ಆಗಿರಬೇಕು. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ಅದನ್ನೇ ಮತ್ತೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಇಡಿಗಂಟಿನೊಂದಿಗೆ ಕಣ್ಮರೆಯಾಗುವ ವಂಚನೆ ಈ ಊರಿನಲ್ಲಿ ಆಗಿದೆ. ಮೂರು ವರ್ಷದ ಕರಾರನ್ನು ನೋಂದಣಿ ಮಾಡಿಸಲೇಬೇಕು. ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಗೆ ಅದು ಕಡ್ಡಾಯ, ಬಾಡಿಗೆ ಕರಾರುಗಳೆಲ್ಲ ಹನ್ನೊಂದು ತಿಂಗಳಿಗೆ ಇರುವುದು ಇದೇ ಕಾರಣಕ್ಕೆ. ಹಣ ಬ್ಯಾಂಕಿನ ಮೂಲಕವೇ ಹೋಗಲಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರು):
ಹಳೆಯ ಹಳ್ಳಿಗಳ ಓಣಿಯಲ್ಲಿ ಕಾರು ತಿರುಗಿಸಲೂ ಆಗುವುದಿಲ್ಲ, ಗಾಳಿ ಬೆಳಕೂ ಇಲ್ಲ. ಸಂಸಾರಸ್ಥರಿಗೆ ಅಂಥ ಜಾಗ ಸೂಚಿಸುವುದು ಸರಿಯೇ?

ಉತ್ತರ:
ಕಾರಿರುವವರಿಗೆ ನಾನು ಸೂಚಿಸುವುದಿಲ್ಲ. ಗಾಳಿ ಬೆಳಕಿನ ಬಗ್ಗೆ ನಿಮ್ಮ ಮಾತು ನಿಜ, ಎರಡು ಕಟ್ಟಡಗಳ ಕಿಟಕಿಗಳು ಕೈಚಾಚುವಷ್ಟು ಹತ್ತಿರ ಇರುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ, ದೀಪ ಹಾಕದೆ ಅಡುಗೆಮನೆಯಲ್ಲಿ ನಿಂತು ನೋಡಬೇಕು. ಕತ್ತಲಿದ್ದರೆ ಆ ಮನೆ ಬೇಡ, ಓಣಿಯ ತುದಿಯ ಮೂಲೆಮನೆಗೆ ಐನೂರು ಹೆಚ್ಚಾದರೂ ಕೊಡಿ.

ಅದೇ ಸದಸ್ಯರು (ಶಿವಮೊಗ್ಗ), ಹತ್ತು ದಿನಗಳ ಬಳಿಕ:
ಸರ್, ಭಾನುವಾರ ಪತ್ನಿಯೊಂದಿಗೆ ಹೋಗಿ ಬಂದೆ. ಹೊಸ ರಸ್ತೆ ನಿಲ್ದಾಣದಿಂದ ನಡೆದು ಹದಿಮೂರು ನಿಮಿಷಕ್ಕೆ ಒಂದು ಮನೆ ಸಿಕ್ಕಿತು. ಮೊದಲ ಮಹಡಿ, ಪ್ರತ್ಯೇಕ ಮೀಟರ್, ನೀರಿನ ಬಿಲ್ ತೋರಿಸಿದರು. ಬಾಡಿಗೆ 13,500, ಮುಂಗಡ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಂತೆ.

ಉತ್ತರ:
ಒಳ್ಳೆಯ ಮನೆ ಎಂದೇ ತೋರುತ್ತದೆ. ಮುಂಗಡ ಹೆಚ್ಚಾಯಿತು. ಹತ್ತು ತಿಂಗಳ ಮುಂಗಡ ಈ ಊರಿನ ಹಳೆಯ ರೂಢಿಯೇ ಹೊರತು ಕಾನೂನಲ್ಲ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನೇ ಮಿತಿಯಾಗಿ ಸೂಚಿಸಿದೆ. ಅದನ್ನು ಅಳವಡಿಸಿಕೊಳ್ಳುವುದು ರಾಜ್ಯಗಳಿಗೆ ಬಿಟ್ಟದ್ದಾದ್ದರಿಂದ ಮಾಲೀಕರ ಮುಂದೆ ಕಾಯ್ದೆ ಓದಬೇಡಿ, ಐದು ತಿಂಗಳಿನಿಂದ ಮಾತು ಶುರುಮಾಡಿ ಆರಕ್ಕೆ ನಿಲ್ಲಿಸಿ. ಬಣ್ಣದ ಹಣವನ್ನು ಎರಡು ವರ್ಷ ಇದ್ದರೆ ಮಾತ್ರ ಹಿಡಿಯತಕ್ಕದ್ದೆಂದು ಬರೆಸಲು ಪ್ರಯತ್ನಿಸಿ. ಸಾಮಾನ್ಯವಾಗಿ ಒಪ್ಪುವುದಿಲ್ಲ, ಕೇಳುವುದರಲ್ಲಿ ನಷ್ಟವಿಲ್ಲ.

ಒಂದು ಕೆಲಸ ಬಾಕಿಯಿದೆ. ನೀವು ಹೋಗಿದ್ದು ಭಾನುವಾರ. ಹಳದಿ ಮಾರ್ಗದಲ್ಲಿ ಆರಂಭದ ದಿನಗಳಲ್ಲಿ ಮೂರೇ ರೈಲುಗಳಿದ್ದು 25 ನಿಮಿಷಕ್ಕೊಂದರಂತೆ ಓಡುತ್ತಿದ್ದವು, ಆಮೇಲೆ ರೈಲುಗಳು ಸೇರಿ ಆ ಅಂತರ ಇಳಿದಿದೆ. ಸೋಮವಾರ ಬೆಳಗ್ಗೆ ಎಂಟೂವರೆಗೆ ಆ ಮನೆಯ ಗೇಟಿನಿಂದ ಹೊರಟು, ನಿಮ್ಮ ಪತ್ನಿಯ ಆಸ್ಪತ್ರೆಯ ಬಾಗಿಲಿಗೆ ಎಷ್ಟು ಹೊತ್ತಾಗುತ್ತದೆಂದು ಗಡಿಯಾರ ನೋಡಿಕೊಂಡು ಹೋಗಿ. ರಾತ್ರಿ ಒಂಬತ್ತರ ನಂತರ ಅದೇ ದಾರಿಯಲ್ಲಿ ಹಿಂದಿರುಗಿ, ಹದಿಮೂರು ನಿಮಿಷದ ನಡಿಗೆಯಲ್ಲಿ ಬೀದಿದೀಪ ಎಲ್ಲೆಲ್ಲಿ ಉರಿಯುತ್ತಿಲ್ಲವೆಂದು ಇಬ್ಬರೂ ನೋಡಿ. ಟೋಕನ್ ಹಣವನ್ನು ಮಂಗಳವಾರ ಕೊಡಿ.